ಊದುಗೊಳವೆ

"ಸಾರಿ ಮ್ಯಾಮ್, ಫ್ಲೈಟಲ್ಲಿ ಆಕ್ಸಿಜನ್ ಅಲೋ ಇಲ್ಲ" ಎಂದಳು ವಿಮಾನ ಕಂಪನಿಯ ಫೋನಿನ ಹುಡುಗಿ, ಬಹಳ ಮರ್ಯಾದೆಯಿಂದ.

"ಹಾಗಾದ್ರೆ ಮಿಕ್ಕವರೆಲ್ಲ ಏನು ಉಸಿರಾಡ್ತಾರಮ್ಮ?" ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಸಂಗೀತ ಹಾಕಿದಳು. ಅದೇ ನಾಲ್ಕು ಸ್ವರವನ್ನು ಏಳು ನಿಮಿಷ ಕೇಳಿದ ಮೇಲೆ ಬೇರೊಬ್ಬ ಹುಡುಗ ಬಂದ. ಅವನಿಗೆ ಮತ್ತೆ ಮೊದಲಿನಿಂದ ಪುರಾಣ ಹೇಳಿದೆ. ನನಗೆ ಎಪ್ಪತ್ತೊಂದು ವರ್ಷ, ಶ್ವಾಸಕೋಶ ಸೋತಿದೆ, ಬೆಂಗಳೂರಿನಿಂದ ಪುಣೆಗೆ ಮಗಳ ಮನೆಗೆ ಹೋಗಬೇಕು, ಜೊತೆಗೆ ಒಂದು ಮಷೀನು ಬರುತ್ತದೆ. ಸಿಲಿಂಡರ್ ಅಲ್ಲ, ಮಷೀನು.

"ಅದರೊಳಗೆ ಆಕ್ಸಿಜನ್ ಇದೆಯಾ ಮ್ಯಾಮ್?"

"ಇಲ್ಲ."

"ಆಕ್ಸಿಜನ್ ಮಷೀನ್ ಅಂದ್ರಿ?"

"ರುಬ್ಬೋ ಮಷೀನಿನೊಳಗೆ ಹಿಟ್ಟು ತುಂಬಿರತ್ತೇನಪ್ಪ? ನಾವು ಹಾಕಿದ್ದನ್ನ ರುಬ್ಬತ್ತೆ ತಾನೆ?"

ಅವನೂ ಸಂಗೀತ ಹಾಕಿದ.

ಆ ಮಷೀನಿಗೆ ಪೋರ್ಟಬಲ್ ಆಕ್ಸಿಜನ್ ಕಾನ್ಸಂಟ್ರೇಟರ್ ಎಂದು ಹೆಸರು. ಉಸಿರು ಕಟ್ಟುವವರ ಕೈಲಿ ಒಂದೇ ಗುಟುಕಿಗೆ ಹೇಳಲಾಗದ ಹೆಸರು. ನಮ್ಮ ಮನೆಗೆಲಸದವಳು ಮೊದಲ ದಿನವೇ ಅದಕ್ಕೆ "ಉಸಿರು ಡಬ್ಬಿ" ಎಂದು ನಾಮಕರಣ ಮಾಡಿದಳು, ಅದೇ ನಿಂತಿತು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋದಷ್ಟು ಗಾತ್ರ, ಎರಡೂವರೆ ಕಿಲೋದೊಳಗಿನ ತೂಕ. ಹೆಗಲಿಗೆ ಏರಿಸಿಕೊಂಡರೆ ಅಂಚೆಯವನ ಚೀಲದ ಹಾಗೆ ಕಾಣುತ್ತದೆ. ಅದರಿಂದ ಒಂದು ಸಣ್ಣ ಪ್ಲಾಸ್ಟಿಕ್ ನಳಿಗೆ ಹೊರಟು, ಎರಡು ಕವಲಾಗಿ, ಕಿವಿ ಸುತ್ತಿ ಮೂಗಿಗೆ ಬರುತ್ತದೆ. ನಾನು ಉಸಿರೆಳೆದಾಗಲೆಲ್ಲ 'ಪುಸ್' ಎನ್ನುತ್ತದೆ. ಎಳೆಯದಿದ್ದರೆ ಸುಮ್ಮನಿರುತ್ತದೆ. ನಲವತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಉಸಿರನ್ನು ಇಷ್ಟು ನಿಗಾ ಇಟ್ಟು ಕೇಳಿಸಿಕೊಂಡವರು ಬೇರೆ ಯಾರೂ ಇಲ್ಲ.

ಕಾಯಿಲೆಗೆ ಸಿಒಪಿಡಿ ಎನ್ನುತ್ತಾರೆ. ಪತ್ತೆಯಾದ ದಿನ ಡಾಕ್ಟರು "ಮನೆಯಲ್ಲಿ ಯಾರಾದರೂ ಸೇದ್ತಾರಾ?" ಎಂದು ಕೇಳಿ ನಮ್ಮವರ ಮುಖವನ್ನು ಅನುಮಾನದಿಂದ ನೋಡಿದರು. ಇವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು, ಸೀಮೆಸುಣ್ಣದ ಪುಡಿ ಬಿಟ್ಟರೆ ಬೇರೇನನ್ನೂ ಸೇದಿದವರಲ್ಲ. "ಸೇದಿದ್ದು ನಾನೇ ಡಾಕ್ಟ್ರೇ" ಎಂದೆ. "ಏನು?" "ಸೌದೆ."

ತೀರ್ಥಹಳ್ಳಿ ಕಡೆಯ ಮನೆ. ಕೊಟ್ಟಿಗೆ ತುಂಬ ಸೌದೆ ಒಟ್ಟಿದ್ದರೂ ಆಷಾಢದ ಹೊತ್ತಿಗೆ ಅದಕ್ಕೂ ಶೀತ ಹಿಡಿಯುತ್ತಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಬಚ್ಚಲೊಲೆ, ಐದಕ್ಕೆ ಅಡುಗೆ ಒಲೆ. ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಮೇಲೆ ಅಟ್ಟದ ತೊಲೆಗಳಿಂದ ಇಲ್ಲಣ ಕರೀ ಹೂಮಾಲೆಯ ಹಾಗೆ ಜೋತುಬಿದ್ದಿರುತ್ತಿತ್ತು. ಅದೇ ಇಲ್ಲಣ ಒಳಗೂ ಕಟ್ಟುತ್ತಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ತಿಂಡಿ ಯಾರು ಮಾಡಬೇಕಿತ್ತು?

ನನ್ನ ಆಯುಧ ಊದುಗೊಳವೆ. ಒಂದು ಮೊಳದ ಹಿತ್ತಾಳೆ ಕೊಳವೆ, ಅತ್ತೆ ತವರಿನಿಂದ ತಂದದ್ದು. ಬಾಯಿಡುವ ತುದಿ ಮೂರು ತಲೆಮಾರಿನ ತುಟಿಗೆ ಸವೆದು ನುಣ್ಣಗಾಗಿತ್ತು. ಮದುವೆಯಾಗಿ ಹೋದ ಮೂರನೇ ದಿನ ಅತ್ತೆ ಅದರ ಶಾಸ್ತ್ರ ಹೇಳಿಕೊಟ್ಟರು. ಕೆನ್ನೆ ಉಬ್ಬಿಸಿ ಊದಬಾರದು, ಹೊಟ್ಟೆಯಿಂದ ಊದಬೇಕು. ಇದ್ದ ಉಸಿರನ್ನೆಲ್ಲ ಒಂದೇ ಸಲ ಖರ್ಚು ಮಾಡಬಾರದು. ಊದಿ ಮುಗಿದ ಮೇಲೆ ಕೊಳವೆಯಿಂದ ಬಾಯಿ ತೆಗೆದು, ಪಕ್ಕಕ್ಕೆ ತಿರುಗಿ ಉಸಿರೆಳೆಯಬೇಕು. ಕೊನೆಯದನ್ನು ಮರೆತರೆ ಒಲೆಯ ಹೊಗೆಯೆಲ್ಲ ಹೊಟ್ಟೆಗೆ. ನಾನು ಮರೆಯುತ್ತಿದ್ದೆ. ಮೂವತ್ತೆಂಟನೇ ವಯಸ್ಸಿಗೆ, ಇವರಿಗೆ ವರ್ಗವಾಗಿ ಬೆಂಗಳೂರಿಗೆ ಬಂದು ಗ್ಯಾಸು ಹಾಕಿಸಿದ ಮೇಲೆ ಕೊಳವೆ ಅಟ್ಟ ಸೇರಿತು.

ಈಗ ಆಸ್ಪತ್ರೆಯಲ್ಲಿ ಒಬ್ಬಳು ಫಿಸಿಯೋಥೆರಪಿಯ ಹುಡುಗಿ ನನಗೆ ಉಸಿರಾಟದ ಪಾಠ ಮಾಡುತ್ತಾಳೆ. "ಆಂಟಿ, ಮೂಗಿಂದ ಎಳ್ಕೊಳ್ಳಿ, ತುಟಿ ಸಣ್ಣ ಮಾಡಿ ನಿಧಾನಕ್ಕೆ ಊದಿ. ಮುಂದೆ ಮೇಣದಬತ್ತಿ ಇದೆ ಅಂದ್ಕೊಳ್ಳಿ, ಅದು ಅಲ್ಲಾಡ್ಬೇಕು, ಆರಬಾರದು." ನಮ್ಮತ್ತೆ ಇಷ್ಟನ್ನೇ ಹೇಳಿದ್ದು, ಫೀಸು ತಗೊಂಡಿರಲಿಲ್ಲ.

ಹೀಗೆ, ಊರಿನ ಒಲೆಗಳಿಗೆಲ್ಲ ಕೊಳವೆಯಲ್ಲಿ ಗಾಳಿ ಊದಿದವಳಿಗೆ ಈಗ ಒಂದು ಡಬ್ಬಿ ಕೊಳವೆಯಲ್ಲಿ ಗಾಳಿ ಊದುತ್ತಿದೆ. ಡಬ್ಬಿ ಮನೆಗೆ ಬಂದ ದಿನ ಇವರು ಅದರ ಕಾರ್ಯವಿಧಾನವನ್ನು ಕರಿಹಲಗೆಯ ಮುಂದೆ ನಿಂತ ಹಾಗೆ ವಿವರಿಸಿದರು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಡಬ್ಬಿಯೊಳಗಿನ ಸಣ್ಣ ಪಂಪು ಕೋಣೆಯ ಗಾಳಿಯನ್ನು ಎಳೆದು ಒತ್ತಿ ಒಂದು ಕೊಳವೆಗೆ ನುಗ್ಗಿಸುತ್ತದೆ. ಆ ಕೊಳವೆಯಲ್ಲಿ ಜಿಯೋಲೈಟ್ ಎಂಬ ಖನಿಜದ ಸಾಬಕ್ಕಿಯಂಥ ಕಾಳುಗಳಿವೆ, ಮೈಯೆಲ್ಲ ಕಣ್ಣಿಗೆ ಕಾಣದ ತೂತು. ವಿಜ್ಞಾನಿಗಳು ಅದನ್ನು ಅಣುಗಳ ಜರಡಿ ಎನ್ನುತ್ತಾರೆ.

"ಜರಡಿ ಅಂದ್ರೆ ಸಣ್ಣದು ಕೆಳಗೆ ಬೀಳತ್ತೆ, ದೊಡ್ಡದು ಉಳಿಯತ್ತೆ. ಹಂಗಾ?" ಎಂದೆ.

ಇವರು ತಲೆ ಕೆರೆದುಕೊಂಡರು. ಹಾಗಲ್ಲವಂತೆ. ಎರಡೂ ಅಣುಗಳ ಗಾತ್ರದಲ್ಲಿ ಅಂಥ ವ್ಯತ್ಯಾಸವಿಲ್ಲ. ಒತ್ತಡ ಹಾಕಿದಾಗ ಸಾರಜನಕ ಆ ಕಾಳುಗಳಿಗೆ ಹೆಚ್ಚು ಅಂಟಿಕೊಳ್ಳುತ್ತದೆ, ಆಮ್ಲಜನಕ ಜಾರಿ ಮುಂದೆ ಹೋಗುತ್ತದೆ. ಹಲಸಿನ ಹಣ್ಣು ಬಿಡಿಸುವಾಗ ಮೇಣ ಕೈಗೆ ಅಂಟಿ, ತೊಳೆ ಪಾತ್ರೆಗೆ ಬಿದ್ದ ಹಾಗೆ ಎಂದು ನಾನು ತಿದ್ದಿದೆ. ಒತ್ತಡ ಬಿಟ್ಟರೆ ಅಂಟಿದ ಸಾರಜನಕ ಬಿಡಿಸಿಕೊಂಡು ಹೊರಗೆ ಹೋಗುತ್ತದೆ, ಕಾಳು ಮತ್ತೆ ತಯಾರು. ಅಷ್ಟರೊಳಗೆ ಪಕ್ಕದ ಇನ್ನೊಂದು ಕೊಳವೆ ಕೆಲಸ ಶುರು ಮಾಡಿರುತ್ತದೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುತ್ತಾರಲ್ಲ, ಒಬ್ಬಳದು ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ. ಇಷ್ಟರಿಂದ ನೂರಕ್ಕೆ ತೊಂಬತ್ತರ ಆಸುಪಾಸಿನ ಆಮ್ಲಜನಕ ಸಿಗುತ್ತದೆ. ಕೂಡಿಡುವುದು ಏನೂ ಇಲ್ಲ, ಆಗಾಗಿನದು ಆಗಾಗಲೇ.

ಆಮ್ಲಜನಕ ಎಂಬ ಮಾತಿನ ಮೇಲೂ ನನಗೊಂದು ತಕರಾರಿದೆ. ಆಮ್ಲ ಎಂದರೆ ಹುಳಿ. ಪ್ರಾಣ ಉಳಿಸುವ ಪದಾರ್ಥಕ್ಕೆ ಹುಳಿ ಹುಟ್ಟಿಸುವುದು ಎಂದು ಯಾಕೆ ಕರೆದರು? ಇವರನ್ನು ಕೇಳಿದರೆ ಕಥೆ ಬಿಚ್ಚಿದರು. 1774ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪಾದರಸದ ಭಸ್ಮವನ್ನು ಭೂತಗನ್ನಡಿಯ ಬಿಸಿಲಿಗೆ ಕಾಯಿಸಿ ಈ ಅನಿಲ ಹಿಡಿದ. ಮೊದಲು ಇಲಿಗೆ ಕೊಟ್ಟು, ಇಲಿ ಬದುಕಿದ್ದನ್ನು ನೋಡಿ, ಆಮೇಲೆ ತಾನೂ ಎಳೆದು ನೋಡಿದ. ಹೆಸರಿಟ್ಟವನು ಪ್ಯಾರಿಸಿನ ಲವಾಸಿಯೆ. ಎಲ್ಲ ಆಮ್ಲಗಳಲ್ಲೂ ಇದು ಇದ್ದೇ ಇರುತ್ತದೆ ಎಂದು ನಂಬಿ ಗ್ರೀಕಿನಿಂದ 'ಆಮ್ಲ ಹುಟ್ಟಿಸುವುದು' ಎಂಬ ಅರ್ಥದ ಪದ ಕಟ್ಟಿದ. ನಂಬಿಕೆ ತಪ್ಪಾಗಿತ್ತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇದರ ಸುಳಿವೇ ಇಲ್ಲವೆಂದು ಮುಂದಿನ ಶತಮಾನದ ಆರಂಭದಲ್ಲೇ ಹಂಫ್ರಿ ಡೇವಿ ತೋರಿಸಿಕೊಟ್ಟ. ಅಷ್ಟರಲ್ಲಿ ಲವಾಸಿಯೆಯ ತಲೆಯೇ 1794ರಲ್ಲಿ ಗಿಲೊಟಿನ್‌ಗೆ ಹೋಗಿತ್ತು, ಹೆಸರು ಮಾತ್ರ ಉಳಿಯಿತು. ಆ ತಪ್ಪನ್ನೇ ನಾವು ಸಂಸ್ಕೃತಕ್ಕೆ ಅಚ್ಚುಕಟ್ಟಾಗಿ ಅನುವಾದಿಸಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಪ್ರಾಣವಾಯು ಎಂಬ ಒಳ್ಳೆಯ ಮಾತಿತ್ತು, ಅದು ಪಠ್ಯಪುಸ್ತಕದಿಂದ ಜಾರಿ ಪತ್ರಿಕೆಗಳ ತಲೆಬರಹಕ್ಕೆ ಸೇರಿಕೊಂಡಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಆ ತಲೆಬರಹಗಳನ್ನು ಓದಿದವರು ಯಾರೂ ಮರೆತಿರಲಾರರು. ಆಗ ಇಂಥ ಡಬ್ಬಿಗಳಿಗೆ ಜನ ಹೇಗೆ ಪರದಾಡಿದರೆಂಬುದು ನೆನಪಾದರೆ, ನನ್ನ ಡಬ್ಬಿಯನ್ನು ಹಾಸ್ಯ ಮಾಡುತ್ತ ಬರೆಯಲು ಸ್ವಲ್ಪ ಅಳುಕೂ ಆಗುತ್ತದೆ.

ಫೋನಿನ ಮೂರನೆಯವನು ವಿಷಯ ತಿಳಿದವನು. ಸಿಲಿಂಡರ್ ತರುವಂತಿಲ್ಲ, ಕಾನ್ಸಂಟ್ರೇಟರ್ ತರಬಹುದು, 48 ಗಂಟೆ ಮೊದಲು ಡಾಕ್ಟರ ಸಹಿಯ ಫಾರ್ಮು ಕಳಿಸಬೇಕು ಎಂದ. ಸಿಲಿಂಡರಿನ ಮೇಲಿನ ಭಯಕ್ಕೆ ಅರ್ಥವಿದೆ. ಆಮ್ಲಜನಕ ತಾನು ಉರಿಯದು, ಉರಿಯುವುದನ್ನು ಹುಚ್ಚೆಬ್ಬಿಸುತ್ತದೆ. ನಾನು ಊದುಗೊಳವೆಯಲ್ಲಿ ಒಲೆಗೆ ಮಾಡುತ್ತಿದ್ದದ್ದೂ ಅದೇ ತಾನೆ? 1996ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದು ವಿಮಾನದ ಸರಕಿನ ಗೂಡಿನಲ್ಲಿ, ಆಮ್ಲಜನಕ ಹುಟ್ಟಿಸುವ ರಾಸಾಯನಿಕ ಡಬ್ಬಿಗಳು ಬಿಸಿಯೇರಿ ಬೆಂಕಿ ಹತ್ತಿ, ವಿಮಾನದಲ್ಲಿದ್ದ 110 ಜನರೂ ಸತ್ತರು. ನನ್ನಂಥ ಡಬ್ಬಿಗಳನ್ನು ವಿಮಾನದಲ್ಲಿ ಬಳಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ, ಅದೂ ಮೊದಲಿಗೆ ಎರಡೇ ಮಾದರಿಗಳಿಗೆ. ಈಗ ಡಬ್ಬಿಯ ಬೆನ್ನಿಗೆ, ಇದು ವಿಮಾನಕ್ಕೆ ಯೋಗ್ಯ ಎಂದು ಕೆಂಪು ಅಕ್ಷರದಲ್ಲಿ ಬರೆದ ಚೀಟಿ ಅಂಟಿರುತ್ತದೆ. ಆ ಚೀಟಿ ಎಲ್ಲಿದೆ ಎಂದು ತಡಕಾಡದೆ ತೋರಿಸಲು ಬರಬೇಕು. ವಿಮಾನ ನಿಲ್ದಾಣದಲ್ಲಿ ಅದೇ ನಮ್ಮ ಜಾತಕ.

ಫಾರ್ಮು ಬಂತು. ಅದರ ಹೆಸರು ಮೆಡಿಫ್. ಪ್ರಯಾಣಿಕಳ ಎತ್ತರ, ತೂಕ, ನಡೆಯಬಲ್ಲಳೇ, ತಾನೇ ಊಟ ಮಾಡಬಲ್ಲಳೇ. ಇವರು ದಪ್ಪ ಕನ್ನಡಕ ಹಾಕಿಕೊಂಡು ಗುಂಡಗಿನ ಅಕ್ಷರದಲ್ಲಿ ತುಂಬಿಸುತ್ತ ಹೋಗಿ ಒಂದು ಪ್ರಶ್ನೆಯ ಮುಂದೆ ಪೆನ್ನು ಎತ್ತಿ ಕುಳಿತರು. ಬಗ್ಗಿ ನೋಡಿದೆ. ಈ ಪ್ರಯಾಣಿಕರ ಸ್ಥಿತಿಯಿಂದ ಇತರ ಪ್ರಯಾಣಿಕರಿಗೆ ಕಿರಿಕಿರಿಯಾಗುವ ಸಂಭವವಿದೆಯೇ, ಹೌದು ಅಥವಾ ಇಲ್ಲ.

"ಯಾಕ್ರೀ ಇಷ್ಟು ಯೋಚನೆ?"

"ಸತ್ಯ ಬರೀಬೇಕು ಅಂತ ಕೆಳಗೆ ಹಾಕಿದ್ದಾರೆ" ಎಂದರು.

ಡಾಕ್ಟರು ಆಸ್ಪತ್ರೆಯ ಓಣಿಯಲ್ಲಿ ಆರು ನಿಮಿಷ ನಡೆಸಿದರು, ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿ. ಅದರ ಹಿಂದಿನ ಸೂತ್ರ ಕಂಡುಹಿಡಿದದ್ದು ಜಪಾನಿನ ತಕುವೊ ಅಯೊಯಾಗಿ ಎಂಬ ಇಂಜಿನಿಯರು, 1970ರ ದಶಕದಲ್ಲಿ. ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೆ ಆ ಕ್ಲಿಪ್ಪು ತಪ್ಪು ಓದುವುದುಂಟು. ನನ್ನ ಉಗುರಲ್ಲಿ ಮದುವೆಮನೆಯ ಗೋರಂಟಿ ಇತ್ತು. ನರ್ಸು ಅದನ್ನು ನೋಡಿ, ಕ್ಲಿಪ್ಪನ್ನು ಕಿವಿಯ ಹಾಲೆಗೆ ಹಾಕಿ ನಕ್ಕಳು. ಓಲೆಯ ಪಕ್ಕ ಇನ್ನೊಂದು ಓಲೆ. ನಡೆದು ಮುಗಿದ ಮೇಲೆ ಡಾಕ್ಟರು, "ನೆಲದ ಮೇಲೆ ಕೂತಿದ್ದಾಗ ಸ್ವಲ್ಪ ಹೊತ್ತು ಇಲ್ಲದಿದ್ರೂ ನಡೆಯತ್ತೆ, ಆದ್ರೆ ಮೇಲೆ ಬೇಕೇ ಬೇಕು. ಹತ್ತೋದ್ರಿಂದ ಇಳಿಯೋವರೆಗೂ ಹಾಕ್ಕೊಂಡಿರಿ. ಉಳಿಸೋಣ ಅಂತ ಆಫ್ ಮಾಡ್ಬೇಡಿ" ಎಂದರು. ಅವರಿಗೆ ನನ್ನ ಗುಣ ಗೊತ್ತು. ಹಾಲು ಉಕ್ಕುವ ಮೊದಲೇ ಗ್ಯಾಸು ಆರಿಸುವವಳು ನಾನು, ಡಬ್ಬಿಯ ಬ್ಯಾಟರಿ ಬಿಡುತ್ತೇನೆಯೇ?

ಬ್ಯಾಟರಿಯದು ಪ್ರತ್ಯೇಕ ಅಧ್ಯಾಯ. ಹಾರಾಟದ ಹೊತ್ತಿನ ಒಂದೂವರೆ ಪಟ್ಟು ಬ್ಯಾಟರಿ ಇರಬೇಕೆಂದು ಕಂಪನಿಗಳು ಕೇಳುತ್ತವೆ. ಹದಿನಾರು ಗಂಟೆಯ ಅಮೆರಿಕ ಪ್ರಯಾಣಕ್ಕಾದರೆ 24 ಗಂಟೆಯದು. ಅಂದರೆ ಸೀರೆ ಬಿಟ್ಟು ಬ್ಯಾಟರಿಯನ್ನೇ ತುಂಬಿಕೊಂಡು ಹೋಗಬೇಕು. ಪುಣೆಗೆ ಒಂದೂವರೆ ಗಂಟೆ, ನನ್ನ ಒಂದು ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ. ಲೆಕ್ಕಕ್ಕೆ ಒಂದೇ ಸಾಕು. ಇವರು ಒಂದು ಲಗ್ನಪತ್ರಿಕೆಯ ಬೆನ್ನ ಮೇಲೆ ಗುಣಾಕಾರ ಭಾಗಾಕಾರ ಮಾಡಿ, ವಿಮಾನ ತಡವಾದರೆ, ಮಂಜು ಬಿದ್ದರೆ, ಪುಣೆಯಲ್ಲಿ ಇಳಿಯಲಾಗದೆ ಬೇರೆ ಊರಿಗೆ ಹೋದರೆ ಎಂದೆಲ್ಲ ಸೇರಿಸಿ ಮೂರಕ್ಕೆ ತಂದರು. ಬಿಡಿ ಬ್ಯಾಟರಿಗಳು ಲಿಥಿಯಂನವು, ಕೈಚೀಲದಲ್ಲೇ ಇರಬೇಕು, ಕೆಳಗಿನ ಲಗೇಜಿಗೆ ಹಾಕುವಂತಿಲ್ಲ. ಹೊತ್ತಿಕೊಂಡರೆ ಯಾರಾದರೂ ನೋಡಲಿ ಎಂದು. ಒಂದೊಂದು 100 ವಾಟ್-ಅವರ್ ಮೀರದಿದ್ದರೆ ತಕರಾರಿಲ್ಲ. 160ರವರೆಗೆ ಕಂಪನಿಯ ಅಪ್ಪಣೆ ಬೇಕು. ಇವರು ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಒಂದಕ್ಕೊಂದು ತಾಗದ ಹಾಗೆ ನಡುವೆ ತಮ್ಮ ಬನಿಯನ್ನು ಮಡಿಸಿ ಇಟ್ಟರು.

ಭದ್ರತಾ ತಪಾಸಣೆಯಲ್ಲಿ ಆ ಬನಿಯನ್ನುಗಳೇ ಮೊದಲು ಹೊರಬಂದವು. ಹಿಂದಿನ ಸಾಲಿನವರೆಲ್ಲ ಅವುಗಳ ದರ್ಶನ ಪಡೆದರು. ಆಮೇಲೆ ಡಬ್ಬಿಯ ಸರದಿ. ಉತ್ತರದ ಕಡೆಯ ಚಿಕ್ಕ ಹುಡುಗ, ಮೀಸೆ ಇನ್ನೂ ಪೂರ್ತಿ ಬಂದಿರಲಿಲ್ಲ. "ಮಾತಾಜೀ, ಇಸ್ ಮೇ ಗ್ಯಾಸ್ ಹೈ?" ಎಂದ. ನನ್ನ ಹಿಂದಿ ರಾಮಾಯಣ ಧಾರಾವಾಹಿ ನೋಡಿ ಕಲಿತದ್ದು. "ನಹೀ ವತ್ಸ, ಕೇವಲ್ ವಾಯು" ಎಂದೆ. ಅವನು ಗಾಬರಿಯಾಗಿ ಮೇಲಿನವರನ್ನು ಕರೆದ. ಇವರು ಕಡತ ಬಿಚ್ಚಿ, ಕೆಂಪಕ್ಷರದ ಚೀಟಿಗೆ ಬೆರಳಿಟ್ಟು, ಹತ್ತನೇ ತರಗತಿಗೆ ಮಾಡುವಂತೆ ಪಾಠ ಶುರುಮಾಡಿದರು. ಸಾರಜನಕ ಅಂಟಿಕೊಳ್ಳುವಲ್ಲಿಗೆ ಬರುವಷ್ಟರಲ್ಲಿ ಮೇಲಿನವರು ಕೈಮುಗಿದು ಕಳಿಸಿಕೊಟ್ಟರು. ಅಷ್ಟು ಹೊತ್ತು ಡಬ್ಬಿ ಎಕ್ಸ್-ರೇ ಗುಹೆಯೊಳಗಿತ್ತು, ನಾನು ಅವರೇ ಕೊಟ್ಟ ಕುರ್ಚಿಯಲ್ಲಿ ಸಾಲ ಕೊಟ್ಟವಳ ಹಾಗೆ ಅದರ ಬಾಯಿಯನ್ನೇ ನೋಡುತ್ತ ಕೂತಿದ್ದೆ. ಆ ಮೀಸೆ ಬಾರದ ಹುಡುಗ ಡಬ್ಬಿಯನ್ನು ಎರಡೂ ಕೈಯಲ್ಲಿ, ಆರತಿ ತಟ್ಟೆ ಹಿಡಿದ ಹಾಗೆ ತಂದುಕೊಟ್ಟ.

ವಿಮಾನದಲ್ಲಿ ನನಗೆ ಕಿಟಕಿ ಪಕ್ಕದ ಜಾಗ ಕೊಟ್ಟರು. ಗಡಿಬಿಡಿಯಲ್ಲಿ ಎಲ್ಲರೂ ಇಳಿಯಬೇಕಾಗಿ ಬಂದರೆ ನನ್ನ ನಳಿಗೆ, ಚೀಲ ಯಾರ ಕಾಲಿಗೂ ತೊಡರಬಾರದೆಂದು. ತುರ್ತು ಬಾಗಿಲಿನ ಸಾಲಿನಲ್ಲಂತೂ ನಮ್ಮಂಥವರನ್ನು ಕೂರಿಸುವುದೇ ಇಲ್ಲ. ಕಾರಣ ಏನಾದರೂ ಇರಲಿ, ಶಿವಮೊಗ್ಗದ ಬಸ್ಸಿನಿಂದ ಹಿಡಿದು ಈವರೆಗೆ ಕಿಟಕಿ ಇವರದಾಗಿತ್ತು. ಅದು ನನ್ನ ಪಾಲಿಗೆ ಬರಲು ಶ್ವಾಸಕೋಶ ಕೊಡಬೇಕಾಯಿತು. ಇವರು ನಡುವೆ. ಆಚೆ ತುದಿಯಲ್ಲಿ ಲ್ಯಾಪ್‌ಟಾಪಿನ ಹುಡುಗ. ಅವನು ನನ್ನ 'ಪುಸ್' ಕೇಳಿ ಎರಡು ಸಲ ತನ್ನ ಇಯರ್‌ಫೋನು ತೆಗೆದು ಒರೆಸಿಕೊಂಡ.

ಗಗನಸಖಿ ಹಳದಿ ಮುಖವಾಡ ತೋರಿಸಿ, ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಪಕ್ಕದವರಿಗೆ ಹಾಕಿ ಎಂದು ಅಭಿನಯಿಸಿದಳು. ಮೇಲಿಂದ ಉದುರುವ ಆ ಮುಖವಾಡ ನನ್ನಂಥವರ ಕಾಯಿಲೆಗಲ್ಲ. ವಿಮಾನದೊಳಗಿನ ಒತ್ತಡ ಸೋರಿಹೋದರೆ ಪೈಲಟ್ ಕೆಳಗಿಳಿಸುವವರೆಗಿನ ಹತ್ತು ಹದಿನೈದು ನಿಮಿಷಕ್ಕೆ ಮಾತ್ರ. ಅದನ್ನು ನೋಡಿದ್ದೇ ಇವರಿಗೆ ಒಂದು ಕಥೆ ನೆನಪಾಯಿತು. ನನ್ನ ಬ್ಯಾಟರಿ ಜಿಪುಣತನಕ್ಕೆ ಮದ್ದಾಗಲೆಂದು ಕಾದಿಟ್ಟಿದ್ದರೆಂದು ಕಾಣುತ್ತದೆ. 1875ರ ಏಪ್ರಿಲ್‌ನಲ್ಲಿ ಜೆನಿತ್ ಎಂಬ ಬಲೂನಿನಲ್ಲಿ ಮೂವರು ಫ್ರೆಂಚರು ಪ್ಯಾರಿಸಿನಿಂದ ಮೇಲೆ ಹೋದರು. ಟಿಸಾಂಡಿಯೆ, ಸಿವೆಲ್, ಕ್ರೋಸೆ-ಸ್ಪಿನೆಲ್ಲಿ. ಜೊತೆಗೆ ಆಮ್ಲಜನಕ ಬೆರೆಸಿದ ಗಾಳಿಯ ಚೀಲಗಳಿದ್ದವು. ಎತ್ತರದ ಗಾಳಿಯ ವಿಷಯದಲ್ಲಿ ಪಂಡಿತನಾಗಿದ್ದ ಪಾಲ್ ಬೆರ್ ಎಂಬುವನು, ನಿಮ್ಮ ಚೀಲ ಸಾಲದು ಎಂದು ಕಾಗದ ಬರೆದ. ಕಾಗದ ಕೈಸೇರುವಾಗ ತಡವಾಗಿತ್ತು. ಇರುವುದೇ ಸ್ವಲ್ಪ, ತೀರ ಬೇಕಾದಾಗ ಮಾತ್ರ ಬಳಸೋಣ ಎಂದು ಮೂವರೂ ಮಾತಾಡಿಕೊಂಡರು. ತೀರ ಬೇಕಾದ ಗಳಿಗೆ ಬಂತು, ಆದರೆ ನಳಿಗೆ ಎತ್ತಿಕೊಳ್ಳಲು ಕೈ ಏಳಲಿಲ್ಲ. ಟಿಸಾಂಡಿಯೆಗೆ ಆಗ ಭಯವೂ ಆಗಲಿಲ್ಲವಂತೆ, ಒಂಥರಾ ಹಿತವೇ ಆಗಿತ್ತಂತೆ. ಬಲೂನು ಎಂಟು ಸಾವಿರ ಮೀಟರು ದಾಟಿತು. ಅದು ಇಳಿದಾಗ ಇಬ್ಬರು ಸತ್ತಿದ್ದರು, ಬದುಕುಳಿದ ಟಿಸಾಂಡಿಯೆಗೆ ಕಿವಿ ಹೋಗಿತ್ತು.

ಟೇಕಾಫ್ ಆಗುವ ಮೊದಲು ಹೇಳುವಂಥ ಕಥೆಯೇ ಇದು? ಲ್ಯಾಪ್‌ಟಾಪಿನ ಹುಡುಗ ಇಯರ್‌ಫೋನಿಲ್ಲದೆ ಕೇಳಿಸಿಕೊಂಡವನು ಸೀಟ್‌ಬೆಲ್ಟು ಇನ್ನಷ್ಟು ಬಿಗಿ ಮಾಡಿಕೊಂಡ. ನಾನು ಮಾತ್ರ ಡಬ್ಬಿಯ ಗುಂಡಿಯ ಮೇಲಿದ್ದ ಬೆರಳನ್ನು ಸದ್ದಿಲ್ಲದೆ ತೆಗೆದೆ. ಹೌದು, ಇಟ್ಟಿದ್ದೆ.

ನಾವು ಮೂವತ್ತು ಸಾವಿರ ಅಡಿಗೂ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿ ಅಷ್ಟು ತೆಳುವಲ್ಲ. ಒತ್ತಿ ತುಂಬಿರುತ್ತಾರೆ. ಆದರೆ ನೆಲದಷ್ಟೂ ಅಲ್ಲ. ಹೆಚ್ಚೆಂದರೆ ಎಂಟು ಸಾವಿರ ಅಡಿ, ಅಂದರೆ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಂಥ ಗಾಳಿ. ನಮ್ಮ ರಾಜ್ಯದಲ್ಲಿ ಅಂಥ ಬೆಟ್ಟವೇ ಇಲ್ಲ, ಮುಳ್ಳಯ್ಯನಗಿರಿಯೇ 1,930 ಮೀಟರ್. ಅಲ್ಲೂ ನೂರಕ್ಕೆ 21 ಪಾಲು ಆಮ್ಲಜನಕವೇ, ಪಾಲು ಬದಲಾಗುವುದಿಲ್ಲ. ಹಾಲಿಗೆ ನೀರು ಬೆರೆಸಿಲ್ಲ, ಲೋಟ ಚಿಕ್ಕದಾಗಿದೆ, ಅಷ್ಟೆ. ಒಂದೊಂದು ಉಸಿರಿಗೆ ಸಿಗುವುದು, ಸಮುದ್ರದ ದಂಡೆಯಲ್ಲಿ ಕೂತು ಬರೇ 15 ಪಾಲಿನ ಗಾಳಿ ಕುಡಿದಷ್ಟು. ಗಟ್ಟಿ ಶ್ವಾಸಕೋಶದವರಿಗೆ ಇದು ಗೊತ್ತೇ ಆಗುವುದಿಲ್ಲ. ಕಾಲೇಜಿನಲ್ಲಿದ್ದಾಗ ನಾನು ಮುಳ್ಳಯ್ಯನಗಿರಿಯನ್ನು ಲಂಗ ಎತ್ತಿ ಕಟ್ಟಿ ಹತ್ತಿದ್ದೆ, ತುದಿಯಲ್ಲಿ ನಿಂತು ಹಾಡಿಯೂ ಇದ್ದೆ. ಈಗ ಅದಕ್ಕಿಂತ ಅರ್ಧ ಕಿಲೋಮೀಟರು ಮೇಲೆ, ಹತ್ತುವ ಶ್ರಮವೂ ಇಲ್ಲದೆ ಕೂತುಕೊಂಡು, ಉಪ್ಪಿಟ್ಟಿನ ಪೊಟ್ಟಣ ಹರಿಯಲಾಗದೆ ಇವರ ಕೈಗೆ ಕೊಟ್ಟೆ.

ಆ ಹಳೇ ಪ್ರವಾಸದ ಕಥೆ ಇವರಿಗೆ ಹೇಳತೊಡಗಿದೆ. ಯಾರ ಚಪ್ಪಲಿ ಕಿತ್ತಿತು, ಯಾರಿಗೆ ಇಂಬಳ ಹತ್ತಿತು, ಮೇಡಂ ಹೇಗೆ ಬೈದರು. ಹೇಳುವ ಹುರುಪಿನಲ್ಲಿ ಡಬ್ಬಿ ಕೀ ಕೀ ಕೀ ಎಂದು ಅರಚಿಕೊಂಡಿತು. ಗಗನಸಖಿ ಓಡಿ ಬಂದಳು. ಲ್ಯಾಪ್‌ಟಾಪಿನ ಹುಡುಗ ಎದ್ದೇ ನಿಂತ. ಪರದೆಯ ಮೇಲೆ ಉಸಿರು ಕಾಣುತ್ತಿಲ್ಲ ಎಂಬ ಅರ್ಥದ ಇಂಗ್ಲಿಷು.

ಆಗಿದ್ದಿಷ್ಟೆ. ಡಬ್ಬಿಗೆ ಗೊತ್ತಾಗುವುದು ಮೂಗಿನ ಉಸಿರು ಮಾತ್ರ. ಮಾತಾಡುವವರು ಬಾಯಲ್ಲಿ ಎಳೆದುಕೊಳ್ಳುತ್ತಾರೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ತುಸು ಹೊತ್ತು ಕಾದು, ಈಕೆ ಹೋದಳು ಎಂದು ತೀರ್ಮಾನಿಸಿ ಬೊಬ್ಬೆ ಹಾಕುತ್ತದೆ. "ಏನಾಯ್ತು ಅಂಕಲ್?" ಎಂದು ಗಗನಸಖಿ ಗಾಬರಿಯಿಂದ ಕೇಳಿದಳು. "ಏನಿಲ್ಲಮ್ಮ, ಇವಳು ಮಾತು ನಿಲ್ಲಿಸಿದ್ರೆ ಅದೂ ನಿಲ್ಸತ್ತೆ" ಎಂದರು ಇವರು. ಅಷ್ಟು ತೃಪ್ತಿಯನ್ನು ಅವರ ಮುಖದಲ್ಲಿ ನಿವೃತ್ತಿಯ ದಿನವೂ ನೋಡಿರಲಿಲ್ಲ. ಮೆಡಿಫ್‌ನ ಆ ಪ್ರಶ್ನೆಗೆ ಏನು ಬರೆದಿದ್ದರೋ, ನಾನು ಕೊನೆಗೂ ಕೇಳಲಿಲ್ಲ.

ಪುಣೆಯಲ್ಲಿ ಇಳಿದು ಕ್ಲಿಪ್ಪು ಹಾಕಿ ನೋಡಿದರೆ ಬೆಂಗಳೂರಿಗಿಂತ ಒಂದಂಕಿ ಜಾಸ್ತಿ. ಮಗಳು ತನ್ನನ್ನು ನೋಡಿದ ಸಂತೋಷಕ್ಕೆ ಎಂದಳು. ಇವರು ಪುಣೆ ಬೆಂಗಳೂರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ ಎಂದರು. ನಾನು ಮಗಳ ಪಕ್ಷ.

ಮಗಳ ಮನೆಯಲ್ಲಿ ನನಗೆ ಅಡುಗೆಮನೆ ನಿಷಿದ್ಧ. ನಳಿಗೆ ಮೂಗಿನಲ್ಲಿರುವಾಗ ಉರಿಯ ಹತ್ತಿರ ಸುಳಿಯಬಾರದು, ಹತ್ತು ಅಡಿ ದೂರವಿರಬೇಕು. ಎಷ್ಟೋ ವ್ರತ, ಹರಕೆಗಳಿಂದ ಸಿಗದ ಬಿಡುಗಡೆ ಒಂದು ಡಬ್ಬಿಯಿಂದ ಸಿಕ್ಕಿತ್ತು. ಹಾಲಿನಲ್ಲಿ ಕೂತು ಬಾಗಿಲಿನಿಂದಲೇ ಒಗ್ಗರಣೆಯ ಮೇಲ್ವಿಚಾರಣೆ ಮಾಡುತ್ತಿದ್ದೆ.

ಎರಡನೇ ದಿನ, ಏಳನೇ ತರಗತಿಯ ಮೊಮ್ಮಗ ಕಡಲೆಹಿಟ್ಟಿನ ಡಬ್ಬಿಯಂಥದ್ದೊಂದನ್ನು ತಂದು ನನ್ನ ಮುಂದೆ ಸುರಿದ. ತುಂಬ ಕಲ್ಲು. ಪುಣೆಯ ಸುತ್ತಮುತ್ತ ಕಲ್ಲಿನ ಹುಚ್ಚಿನವರು ಬಹಳ. ದಖ್ಖನಿನ ಈ ಕಪ್ಪು ಬಂಡೆಯೆಲ್ಲ ಆರೂವರೆ ಕೋಟಿ ವರ್ಷದಾಚೆ ಹರಿದು ಆರಿದ ಲಾವಾ. ಆರುವಾಗ ಒಳಗೆ ಗುಳ್ಳೆಗಳು ಉಳಿದು, ಮುಂದೆ ಆ ಪೊಟರೆಗಳಲ್ಲಿ ಹರಳು ಬೆಳೆದವು. ಊರಾಚೆ ವಾಘೋಲಿಯ ಕಲ್ಲಿನ ಕ್ವಾರಿಗಳು ಇಂಥ ಹರಳಿಗೆ ಜಗತ್ತಿಗೇ ಹೆಸರುವಾಸಿ. ಮೊಮ್ಮಗ ಒಂದನ್ನು ನನ್ನ ಕೈಲಿಟ್ಟ. ಸೀಬೆಹಣ್ಣಿನ ಒಳಬಣ್ಣ, ನಡು ಕಟ್ಟಿದ ಹುಲ್ಲಿನ ಸೂಡಿಯ ಆಕಾರ.

"ಅಜ್ಜಿ, ಇದು ಸ್ಟಿಲ್ಬೈಟ್. ಜಿಯೋಲೈಟ್ ಜಾತಿ. ನಿನ್ನ ಮಷೀನಿನ ಒಳಗಿರೋದು ಫ್ಯಾಕ್ಟರೀಲಿ ಮಾಡಿದ್ದು, ಇದು ಅದರ ಅಜ್ಜಿ."

ಇಬ್ಬರು ಅಜ್ಜಿಯರು ಮುಖಾಮುಖಿ ನೋಡಿಕೊಂಡೆವು. ಇವರಿಗೆ ಅಷ್ಟು ಸಾಕಾಯಿತು. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬ ಖನಿಜ ತಜ್ಞ ಇಂಥದೇ ಒಂದು ಕಲ್ಲಿನ ಚೂರನ್ನು ಉರಿಗೆ ಹಿಡಿದನಂತೆ. ಕಲ್ಲು ನೊರೆಗರೆದು ಉಬ್ಬಿತು. ಒಳಗೆ ಅವಿತಿದ್ದ ನೀರು ಆವಿಯಾಗಿ ಹೊರಬಂದದ್ದು. ಕುದಿಯುವ ಕಲ್ಲು ಎಂದು ಗ್ರೀಕಿನಲ್ಲಿ ಹೆಸರಿಟ್ಟ, ಅದೇ ಜಿಯೋಲೈಟ್. "ಉರಿ ಅಂದ್ರೆ ಸುಮ್ಮನೆ ಉರಿ ಅಲ್ಲ" ಎಂದರು ಇವರು. "ದೀಪದ ಉರಿಗೆ ಸಣ್ಣ ಕೊಳವೆಯಿಂದ ಗಾಳಿ ಊದಿ ಕಲ್ಲಿನ ಮೇಲೆ ಹಾಯಿಸೋದು. ಖನಿಜ ಪರೀಕ್ಷೆಗೆ ಆ ಕೊಳವೇನ ರೂಢಿಗೆ ತಂದವರಲ್ಲಿ ಅವನೇ ದೊಡ್ಡವನು."

"ಊದುಗೊಳವೆ!" ಎಂದೆ.

"ಹೂಂ, ಊದುಗೊಳವೆನೇ."

ಮೊಮ್ಮಗನನ್ನು ಹಿಡಿಯುವವರು ಯಾರು? ಮಗಳು ಬೇಡವೆಂದಳು, ಆಮೇಲೆ ಸಿಡಿದೀತು ಎಂದಳು, ಆಮೇಲೆ ತನ್ನ ಕಪ್ಪು ಕನ್ನಡಕವನ್ನು ತಾನೇ ಹುಡುಕಿ ತಂದು ಅವನಿಗೆ ಹಾಕಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಮೇಣದಬತ್ತಿ, ಜ್ಯೂಸು ಕುಡಿಯುವ ಸ್ಟೀಲಿನ ನಳಿಗೆ. ಇವರ ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲಿ ಉಗುರಿನಷ್ಟು ತೆಳುವಾದ ಹರಳಿನ ಚೂರು. ನಾನು ಹಾಲಿನಲ್ಲಿ, ಹತ್ತು ಅಡಿಯ ಆಚೆ, ನಿಯಮದಂತೆ.

ಹುಡುಗ ಕೆನ್ನೆ ಉಬ್ಬಿಸಿ ಒಂದೇ ಸಲ ಊದಿದ. ಮೇಣದಬತ್ತಿ ಆರಿತು. ಮತ್ತೆ ಹಚ್ಚಿದರು. ಮತ್ತೆ ಊದಿದ. ಮತ್ತೆ ಆರಿತು.

"ಕೆನ್ನೆಯಿಂದಲ್ಲ ಕಣೋ, ಹೊಟ್ಟೆಯಿಂದ!" ಎಂದು ಕೂಗಿದೆ. "ಎಲ್ಲ ಒಂದೇ ಸಲ ಖರ್ಚು ಮಾಡ್ಬೇಡ! ನಿಧಾನ, ನಿಧಾನ... ಉರಿ ಮಲಗ್ಬೇಕು, ಸಾಯಬಾರ್ದು... ಹಾಂ, ಹಂಗೆ... ಬಾಯಿ ತೆಗಿ, ತೆಗೆದು ಪಕ್ಕಕ್ಕೆ ತಿರುಗಿ ಎಳ್ಕೋ, ಪಕ್ಕಕ್ಕೆ!"

ಉರಿ ನೀಲಿಯಾಗಿ, ಮೊನಚಾಗಿ, ಅಡ್ಡ ಮಲಗಿತು. ಚೂರು ಬಿಳಿಚಿಕೊಂಡಿತು. ಪುಸ್ತಕದ ಹಾಳೆಗಳು ಬಿಚ್ಚಿಕೊಂಡ ಹಾಗೆ ಪದರ ಪದರವಾಗಿ ಎದ್ದು, ಅರಳಿನ ಕಾಳಿನಂತೆ ಉಬ್ಬಿತು. "ಅಜ್ಜೀ, ಕುದೀತು!" ಎಂದು ಹುಡುಗ ಕಿರುಚಿದ. ಇವರು ಇಕ್ಕಳ ಎತ್ತಿ ಹಿಡಿದು ನನ್ನ ಕಡೆ ತೋರಿಸಿದರು. ಮಗಳು ಆರಲಿ ಆರಲಿ ಎನ್ನುತ್ತಿದ್ದಳು. ನಾನು ಇನ್ನೂ ಕೂಗುತ್ತಲೇ ಇದ್ದೆ. ನನ್ನ ತೊಡೆಯ ಮೇಲಿದ್ದ ಡಬ್ಬಿ, ಉಸಿರು ಕಾಣುತ್ತಿಲ್ಲವೆಂದು ನನಗಿಂತ ಜೋರಾಗಿ ಕೂಗುತ್ತಿತ್ತು.